ಅಮ್ಮನ ತಪ್ಪು ಚಪ್ಪಾಳೆ

ನಿನ್ನೆ ನಾವಿರುವ ಈ ಕೊಲ್ಲಿ ನಾಡಿನ ಲುಸೈಲ್‌ನ ಕೆಫೆಯ ಸ್ಪೀಕರಿನಲ್ಲಿ ಜಪಾನಿನ ‘ಸೋಲ್’ ಶೈಲಿಯ ಗಾಯಕಿಯೊಬ್ಬಳ ಹಾಡು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟೆ! ಭಾಷೆ ಒಂದಕ್ಷರ ತಿಳಿಯದು. ಆದರೆ ಸ್ವರವನ್ನು ಅಳುವಿನ ಅಂಚಿನವರೆಗೂ ಎಳೆಯುವ ಆ ರೀತಿ, ನಾವು ತಟ್ಟುವ ಪೆಟ್ಟು ಬಿಟ್ಟು ಮುಂದಿನದಕ್ಕೆ ಬೀಳುವ ಆ ಚಪ್ಪಾಳೆ! ಅಯ್ಯೋ, ಇದು ನಮ್ಮಮ್ಮನದ್ದು!

ನಾನು ಚಿಕ್ಕವಳಿದ್ದಾಗ, ಶುಕ್ರವಾರ ಅಬು ಹಮೂರ್‌ನ ಚರ್ಚಿನ ಹಾಲ್‌ನಲ್ಲಿ ನಮ್ಮ ಕೊಂಕಣಿ ಹಾಡಿನವರಿಗಿಂತ ಮೊದಲು ಆಫ್ರಿಕಾದವರ ಹಾಡಿನ ಪ್ರಾಕ್ಟೀಸ್ ಇರುತ್ತಿತ್ತು. ಅಮ್ಮ ಬೇಗ ಹೋಗಿ, ಸೆರಗು ಬಿಗಿದು, ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಚಪ್ಪಲಿಯ ತುದಿ ಕುಣಿಯುತ್ತಿತ್ತು. ಒಂದು ವಾರ ನಮ್ಮ ಭಕ್ತಿಗೀತೆಗೂ ಅವರ ಹಾಗೆಯೇ ಚಪ್ಪಾಳೆ ತಟ್ಟಿದಳು. ಕೀಬೋರ್ಡ್ ನುಡಿಸುತ್ತಿದ್ದ ಡಾಲ್ಫಿ ಮಾಮ ಕೈ ನಿಲ್ಲಿಸಿದರು.

"ಎಂತ ಮಾರಾಯ್ತಿ, ತಾಳ ತಪ್ಪಿತಲ್ಲ?"

"ತಪ್ಪಲಿಲ್ಲ ಮಾಮ. ನೀವು ನುಡಿಸಿ, ಯಲ್ಲಾ, ಬೇಗ!"

ಮಾಮ ಗೊಣಗುತ್ತಲೇ ನುಡಿಸಿದರು. ಎರಡನೇ ಚರಣಕ್ಕೆ ಅವರ ಭುಜವೂ ಕುಣಿಯತೊಡಗಿತು!

ಆ ಗಾಯಕಿಯ ಬಗ್ಗೆ ಫೋನಿನಲ್ಲಿ ಹುಡುಕಿದೆ. ಅಮೆರಿಕದ ಕರಿಯರ ಚರ್ಚ್ ಹಾಡುಗಳ ರೆಕಾರ್ಡ್ ಕೇಳುತ್ತಲೇ ಕಲಿತವಳಂತೆ. ಮನೆಗೆ ಓಡಿ, ಏನೂ ಹೇಳದೆ ಹಾಡು ಹಾಕಿದೆ. ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದ ಅಮ್ಮನ ಕೈ ನಿಂತಿತು.

"ಯಾರಿದು?"

"ಜಪಾನಿನವಳು."

"ಅದಲ್ಲ ಮಾರಾಯ್ತಿ," ಎಂದಳು ಅಮ್ಮ, ಮಸಾಲೆಯ ಕೈಯಲ್ಲೇ ತಾಳ ಹಾಕುತ್ತಾ. "ಯಾವ ಚರ್ಚಿನವಳು?"