ಹರಳೆಣ್ಣೆ ಹಚ್ಚಿದ ಕರಿಹಲಗೆ

ಕಾಂಪೌಂಡಿನ ಮೇಲೆ ಹಬ್ಬಿದ್ದ ತೊಂಡೆ ಬಳ್ಳಿಯನ್ನು ಮೊನ್ನೆ ಭಾನುವಾರ ಕಿತ್ತು ಹಾಕಿದೆ. ಯಾರೂ ನೆಟ್ಟದ್ದಲ್ಲ, ತಾನಾಗಿ ಹುಟ್ಟಿದ್ದು. ಅದು ಪಕ್ಕದ ಮನೆಯವರ ಕಾರಿನ ಮೇಲೆ ಇಳಿಯುತ್ತದೆ ಅಂತ ಅವರು ಎರಡು ಸಲ ಬಂದು ಹೇಳಿ ಹೋಗಿದ್ದರು. ನಮ್ಮ ಜಯಲಕ್ಷ್ಮಿಪುರಂನಲ್ಲಿ ಜನ ಜಗಳ ಆಡುವುದಿಲ್ಲ, ನಗುನಗುತ್ತಾ ಹೇಳಿ ಹೋಗುತ್ತಾರೆ. ಅದೇ ದೊಡ್ಡ ಹಿಂಸೆ. ಆ ಸಿಟ್ಟನ್ನೆಲ್ಲ ಬಳ್ಳಿಯ ಮೇಲೆ ತೀರಿಸಿಕೊಳ್ಳುತ್ತಾ ಎರಡೂ ಕೈಯಲ್ಲಿ ಹಿಡಿದು ಎಳೆದೆ. ಎಲೆಗಳು ಅಂಗೈಯಲ್ಲಿ ಅರೆದುಹೋದವು. ಆ ಹಸಿ ವಾಸನೆ ಮೂಗಿಗೆ ಬಂತು ನೋಡಿ... ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ತೊಂಡೆ ಸೊಪ್ಪಿನ ವಾಸನೆ ಅಂದರೆ ನನಗೆ ಶನಿವಾರ. ನಜರ್‌ಬಾದಿನಲ್ಲಿ ನಾನು ಓದಿದ ಕನ್ನಡ ಪ್ರೈಮರಿ ಶಾಲೆಯಲ್ಲಿ ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಕರಿಹಲಗೆಗೆ ಮಸಿ ಬಳಿಯುವ ಕೆಲಸ ಇರುತ್ತಿತ್ತು. ಒಬ್ಬರು ಮನೆಯಿಂದ ಇದ್ದಿಲು ತರಬೇಕು, ಇನ್ನೊಬ್ಬರು ಬೇಲಿಯಿಂದ ತೊಂಡೆ ಸೊಪ್ಪು ತರಬೇಕು. ಇದ್ದಿಲು ಕುಟ್ಟಿ, ಸೊಪ್ಪಿನ ಜೊತೆ ಅರೆದು, ಹಲಗೆಗೆ ಉಜ್ಜೀ ಉಜ್ಜೀ ಮೊಣಕೈವರೆಗೆ ಕಪ್ಪಾಗುತ್ತಿದ್ದೆವು. ಮನೆಗೆ ಹೋದರೆ ನಮ್ಮಜ್ಜಿ ಬಾಗಿಲಲ್ಲೇ ತಡೆದು, "ಬಂದ್ಲು ನೋಡು ಇದ್ಲು ಮಾರೋಳು, ಹಿತ್ಲಿಗೆ ನಡಿ" ಅನ್ನುತ್ತಿದ್ದರು.

ಬೇರೆ ಕ್ಲಾಸಿನವರು ತಿಂಗಳಿಗೊಂದು ಸಲ ಬಳಿದರೆ ಹೆಚ್ಚು. ನಮ್ಮದು ಮಾತ್ರ ಪ್ರತಿ ಶನಿವಾರ. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಬುಧವಾರವೂ ಸೇರಿಕೊಂಡಿತು. "ಹಲಗೆ ಕರ್ರಗಿರ್ಬೇಕು ಕಣ್ರೇ, ಆಗ್ಲೇ ಅಕ್ಷರಕ್ಕೆ ಮರ್ಯಾದೆ" ಅನ್ನುತ್ತಿದ್ದರು ನಮ್ಮ ಮಿಸ್. ಪಾಪ, ಮಿಸ್ಸಿಗೆ ಹಲಗೆಯ ಹುಚ್ಚು ಅಂತ ನಾವು ಅಂದುಕೊಂಡಿದ್ದೆವು.

ಒಂದನೇ ಕ್ಲಾಸಿನಿಂದಲೂ ನಮಗೆ ಅವರೇ ಮಿಸ್. ಮದುವೆ ಆಗಿರಲಿಲ್ಲ. ಲಕ್ಷ್ಮೀಪುರಂನಲ್ಲಿ ತಂಗಿಯ ಜೊತೆ ಇದ್ದರು. ಅಲ್ಲಿಂದ ನಡೆದೇ ಬರುತ್ತಿದ್ದರು, ಕಂಕುಳಲ್ಲಿ ಒಂದು ಕೊಡೆ, ಬಿಸಿಲಿರಲಿ ಮಳೆಯಿರಲಿ. ಅಕ್ಷರ ಕಲಿಸುವಾಗ ಹಿಂದೆ ಬಂದು ನಿಂತು, ನಮ್ಮ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಇಟ್ಟುಕೊಂಡು ಸ್ಲೇಟಿನ ಮೇಲೆ ತಿರುಗಿಸುತ್ತಿದ್ದರು. 'ಅ' ಬರೆಯುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಅವರ ಕೈ ಹೋದ ಕಡೆ ನನ್ನ ಕೈಯೂ ಹೋಯಿತು, ಅಷ್ಟೆ. ಸಿಟ್ಟು ಬಂದರೆ ಹೊಡೆಯುತ್ತಿರಲಿಲ್ಲ. "ಏ ಮಂಕೆ, ತಲೇಲಿ ಏನಿದೆ, ಅವರೆಕಾಳಾ?" ಅಂತ ನೆತ್ತಿ ತಟ್ಟಿ ನೋಡುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು, ಬೈಸಿಕೊಂಡವರೂ ನಗುತ್ತಿದ್ದರು.

ಅವರಿಗೆ ಕಣ್ಣು ಹೋಗುತ್ತಿದೆ ಅನ್ನುವುದು ನಮಗೆ ಒಂದೇ ದಿನ ಗೊತ್ತಾಗಲಿಲ್ಲ. ಮೊದಮೊದಲು ಸ್ಲೇಟನ್ನು ಕಿಟಕಿಯ ಹತ್ತಿರ ಹಿಡಿದು ನೋಡುತ್ತಿದ್ದರು. ಆಮೇಲೆ ನೋಡುವುದನ್ನೇ ಬಿಟ್ಟು, "ಏನು ಬರ್ದಿದ್ದೀಯ, ಓದು" ಅನ್ನತೊಡಗಿದರು. ಹಲಗೆಯ ಮೇಲೆ ಬರೆಯುವಾಗ ಒಂದೊಂದು ಪದವನ್ನೂ ಗಟ್ಟಿಯಾಗಿ ಹೇಳುತ್ತಾ ಬರೆಯುತ್ತಿದ್ದರು. ಒಂದು ದಿನ ಪಾಠದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಒಂದಕ್ಷರ ತಪ್ಪದೆ ಪುಟ ಪೂರ್ತಿ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ಹೇಗೆ ನೋಡಿದೆ ಅಂದರೆ ಆ ನಗು ಅಲ್ಲೇ ಸತ್ತುಹೋಯಿತು. ನಾನು ಕ್ಲಾಸಿನ ಲೀಡರು. ಮಿಸ್ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅವರಿಗೆ ನಾನು 'ಲೀಡರಮ್ಮ'.

ಅವತ್ತು ಬೆಲ್ ಹೊಡೆದ ಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. ಪುಸ್ತಕವನ್ನು ಸೀರೆಯ ಸೆರಗಿನಲ್ಲಿ ಒರೆಸುತ್ತಾ, "ಲೀಡರಮ್ಮ, ನಿನಗೆ ಗೊತ್ತಾಗ್ಬುಟ್ಟಿದೆ ಅಲ್ವಾ?" ಅಂದರು. ನಾನು ಹೂಂ ಅಂದೆ. "ಯಾರ್ಗೂ ಹೇಳ್ಬೇಡ ಕಣೇ. ನಾಲ್ಕನೇ ಕ್ಲಾಸು ದಾಟಿಸಿ ನಿಮ್ಮನ್ನ ಮಿಡ್ಲ್ ಸ್ಕೂಲಿಗೆ ಕಳಿಸ್ಬುಡ್ತೀನಿ. ಆಮೇಲೆ ಮನೇಲಿ ಕೂತ್ಕೊಂಡ್ರೂ ಚಿಂತೆಯಿಲ್ಲ. ಅಲ್ಲೀವರ್ಗೂ ಹೆಂಗೋ ಎಳೀಬೇಕು." ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಇನ್ನೊಂದು ವರ್ಷ. ಅಷ್ಟು ದೊಡ್ಡವರು ನನ್ನ ಹತ್ತಿರ ಬೇಡಿಕೊಳ್ಳುತ್ತಿದ್ದಾರೆ ಅಂತ ನನಗೆ ಹೆದರಿಕೆಯೂ ಆಯಿತು, ಜಂಬವೂ ಬಂತು.

ಅಂದಿನಿಂದ ಇಡೀ ಕ್ಲಾಸೇ ಅವರಿಗೆ ಕಣ್ಣಾಯಿತು. ನಾನು ಯಾರಿಗೂ ಹೇಳಲಿಲ್ಲ, ತಲೆಕೆಳಗಾದ ಪುಸ್ತಕವನ್ನು ಎಲ್ಲರೂ ನೋಡಿದ್ದರು. ಯಾರೂ ಮೀಟಿಂಗ್ ಮಾಡಲಿಲ್ಲ, ಆಣೆ ಹಾಕಿಕೊಳ್ಳಲಿಲ್ಲ. ಅವರು ನಡೆಯುವ ದಾರಿಯಲ್ಲಿ ಬ್ಯಾಗು ಇಡುತ್ತಿರಲಿಲ್ಲ. ಹೆಡ್‌ಮಾಸ್ಟರು ಬರುವುದು ಕಂಡರೆ ಬಾಗಿಲ ಹತ್ತಿರ ಕೂತವರು ಎದ್ದು, "ನಮಸ್ತೇ ಸಾರ್" ಅಂತ ಬೇಕೆಂದೇ ಕಿರುಚುತ್ತಿದ್ದರು. ಹಲಗೆ ಓದಿಸುವಾಗ ಕೋಲು ಹಿಡಿದು ಒಂದೊಂದೇ ಪದ ತೋರಿಸುವ ಕೆಲಸ ನನ್ನದಾಯಿತು. ನಾನು ತೋರಿಸಬೇಕು, ಕ್ಲಾಸು ರಾಗವಾಗಿ ಓದಬೇಕು, ಮಿಸ್ ಪಕ್ಕದಲ್ಲಿ ನಿಂತು ತಲೆದೂಗಬೇಕು.

ಹೀಗಿರುವಾಗ, ಬರುವ ಸೋಮವಾರ ಇನ್‌ಸ್ಪೆಕ್ಟರು ಬರುತ್ತಾರೆ ಅಂತ ಸುದ್ದಿ ಬಂತು. ವಾರ ಪೂರ್ತಿ ಮಿಸ್ ಒಂದೇ ಪಾಠ ಮಾಡಿಸಿದರು. ಹಲಗೆಯ ಮೇಲೆ ಮೂರೇ ಸಾಲು. 'ಬೆಳಗಾಯಿತು. ಗುಬ್ಬಿ ಗೂಡಿನಿಂದ ಹೊರಗೆ ಬಂದಿತು. ಅಂಗಳದಲ್ಲಿ ಅಕ್ಕಿಯ ಕಾಳು ಇತ್ತು.' ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆವು. ಶನಿವಾರ ಮಸಿ ಬಳಿದು ಮುಗಿಸಿದಾಗ ಅವರು ಹಲಗೆಯ ಹತ್ತಿರ ಮುಖ ಒಯ್ದು ನೋಡಿದರು. "ಇನ್ನೂ ಸ್ವಲ್ಪ ಕಪ್ಪಾಗಿದ್ದಿದ್ರೆ..." ಅಂತ ತಮಗೆ ತಾವೇ ಅಂದುಕೊಂಡು ಕೊಡೆ ತೆಗೆದುಕೊಂಡು ಹೋದರು.

ಆ ಮಾತು ನನ್ನ ಕಿವಿಗೆ ಬಿತ್ತು. ಬೀಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮಜ್ಜಿ ಪ್ರತಿ ವಾರ ನನ್ನ ತಲೆಗೆ ಹರಳೆಣ್ಣೆ ತಿಕ್ಕುತ್ತಾ ಒಂದೇ ಮಾತು ಹೇಳುತ್ತಿದ್ದರು: "ಹರಳೆಣ್ಣೆ ಹಚ್ಚಿದ್ರೆ ಕಪ್ಪಾಗುತ್ತೆ ಕಣೇ, ಕಾಡಿಗೆ ಥರ ಕಪ್ಪಾಗುತ್ತೆ." ಅಜ್ಜಿ ಹೇಳುತ್ತಿದ್ದದ್ದು ಕೂದಲಿಗೆ. ನನ್ನ ಬುದ್ಧಿ ನೋಡಿ, ಎಂಟು ವರ್ಷದ ಬುದ್ಧಿ. ಓಡಿಹೋಗಿ, ಬಚ್ಚಲ ಗೂಡಿನಲ್ಲಿದ್ದ ಸೀಸೆಯನ್ನು ಲಂಗದಲ್ಲಿ ಮುಚ್ಚಿಕೊಂಡು ಬಂದೆ. ಶಾಲೆ ಖಾಲಿ. ಸೀಸೆಯ ಎಣ್ಣೆಯನ್ನೆಲ್ಲ ಬಟ್ಟೆಗೆ ಸುರಿದು ಹಲಗೆಯ ಮೂಲೆಮೂಲೆಗೂ ಉಜ್ಜಿದೆ. ಅಯ್ಯೋ, ಎಂಥಾ ಕಪ್ಪು! ದೋಸೆ ಕಾವಲಿಯ ಹಾಗೆ ಮಿರಮಿರ ಮಿಂಚಿತು. ಮಿಸ್ಸಿಗೆ ಇದು ಖಂಡಿತ ಕಾಣುತ್ತದೆ ಅಂತ ಕುಣಿದುಕೊಂಡು ಮನೆಗೆ ಹೋದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ, ಹಾಗಾಯಿತು ನನ್ನ ಕಥೆ.

ಸೋಮವಾರ ಮೊದಲ ಪೀರಿಯಡ್ಡಿಗೇ ಇನ್‌ಸ್ಪೆಕ್ಟರು ನಮ್ಮ ಕ್ಲಾಸಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ಮಿಸ್ ಹೊಸ ಸೀಮೆಸುಣ್ಣ ತೆಗೆದುಕೊಂಡು, ಗಟ್ಟಿಯಾಗಿ ಹೇಳುತ್ತಾ ಬರೆಯತೊಡಗಿದರು. "ಬೆಳಗಾಯಿತು." ಕೈ ಓಡಿತು. ಹಲಗೆಯ ಮೇಲೆ ಏನೂ ಮೂಡಲಿಲ್ಲ. ಎಣ್ಣೆಯ ಮೇಲೆ ಸೀಮೆಸುಣ್ಣ ಎಲ್ಲಿ ಹಿಡಿಯುತ್ತದೆ? ಅವರಿಗೆ ಅದು ಕಾಣಲಿಲ್ಲ. ವಾಸನೆಯಾದರೂ ಬರಬಾರದಿತ್ತೇ ಅನ್ನಬೇಡಿ. ಸೋಮವಾರ ಅಂದರೆ ಭಾನುವಾರ ಎಣ್ಣೆ ಹಚ್ಚಿಸಿಕೊಂಡ ನಲವತ್ತು ತಲೆ, ಇಡೀ ಕ್ಲಾಸೇ ಹರಳೆಣ್ಣೆ ವಾಸನೆ. ಎರಡನೇ ಸಾಲು ಬರೆದರು, ಮೂರನೇ ಸಾಲು ಬರೆದರು. ಸಾಲು ಕೂಡ ಸೊಟ್ಟಗೆ ಹೋಗಿರಲಾರದು, ಅಷ್ಟು ನೇರವಾಗಿ ಹೋಗುತ್ತಿತ್ತು ಅವರ ಕೈ. ಆಮೇಲೆ ತಿರುಗಿ, ನಕ್ಕು, "ಲೀಡರಮ್ಮ, ತೋರ್ಸಮ್ಮ" ಅಂದರು.

ನಾನು ಎದ್ದು ಕೋಲು ತೆಗೆದುಕೊಂಡೆ. ಆಗಲಾದರೂ ಬಾಯಿ ಬಿಡಬಹುದಿತ್ತು. 'ಎಣ್ಣೆ ಹಾಕಿದ್ದು ನಾನು ಸಾರ್, ತಪ್ಪಾಯ್ತು' ಅಂದಿದ್ದರೆ ಎರಡು ಏಟು ಬೀಳುತ್ತಿತ್ತು, ಪಕ್ಕದ ಕ್ಲಾಸಿನ ಹಲಗೆ ತರುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅದರ ಬದಲು ಕೋಲು ಎತ್ತಿ ಖಾಲಿ ಹಲಗೆಯ ಮೇಲೆ ಮೊದಲ ಪದ ಇರಬೇಕಾದ ಜಾಗಕ್ಕೆ ಇಟ್ಟೆ. ನಮ್ಮ ಕ್ಲಾಸು ಓದಿತು. ಒಬ್ಬರೂ ತಡವರಿಸಲಿಲ್ಲ. ಕೋಲು ಸರಿದ ಹಾಗೆ ಗುಬ್ಬಿ ಹೊರಗೆ ಬಂತು, ಅಂಗಳದಲ್ಲಿ ಅಕ್ಕಿಯ ಕಾಳು ಇತ್ತು. ಮಿಸ್ ತಲೆದೂಗಿದರು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಮಕ್ಕಳ ಮುಂದೆ ಒಂದು ಮಾತೂ ಆಡಲಿಲ್ಲ. ಎದ್ದು ಬಂದು, "ಚೆನ್ನಾಗಿ ಓದಿದ್ರಿ ಮಕ್ಳೇ" ಅಂದು, ಮಿಸ್ಸನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ನಾನು ಬಾಗಿಲ ಹತ್ತಿರವೇ ಕೋಲು ಹಿಡಿದು ನಿಂತಿದ್ದೆ. "ಹಲ್ಗೆ ಮೇಲೆ ಒಂದಕ್ಷರವೂ ಇಲ್ವಲ್ರೀ, ನಿಮಗೆ ಕಾಣ್ಸಲ್ವಾ?" ಅಂದದ್ದು ಕೇಳಿಸಿತು. ಮಿಸ್ಸಿನ ದನಿ ಸಣ್ಣಗಾಗಿತ್ತು. "ಮಕ್ಳು ಓದಿದ್ರಲ್ಲ ಸಾರ್?" ಅಂದರು.

ಅವರು ಮತ್ತೆ ಒಳಗೆ ಬರಲಿಲ್ಲ. ಮಾರನೇ ದಿನದಿಂದ ರಜೆ ಅಂದರು, ಆಮೇಲೆ ಕಣ್ಣಿನ ಕಾರಣಕ್ಕೆ ನಿವೃತ್ತಿ ಕೊಟ್ಟರು ಅಂದರು. ಹಲಗೆಯನ್ನು ಅಟೆಂಡರು ಸೋಡಾಪುಡಿ ಹಾಕಿ ತೊಳೆದರು. ಹೊಸ ಮೇಷ್ಟ್ರು ಬಂದರು. ಅವರಿಗೆ ತಿಂಗಳಿಗೊಂದು ಸಲ ಮಸಿ ಬಳಿದರೆ ಸಾಕಾಗಿತ್ತು. ಮನೆಯಲ್ಲಿ ಅಜ್ಜಿ, "ಎಣ್ಣೆ ಸೀಸೆ ಎಂಗೆ ಖಾಲಿ ಆಯ್ತೇ?" ಅಂತ ಕೇಳಿದಾಗ ಬಿದ್ದುಹೋಯಿತು ಅಂತ ಸುಳ್ಳು ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೇ ಇದ್ದರೂ ಹೋಗುತ್ತದೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹದಿನೈದು ವರ್ಷ ನಾನು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ನಜರ್‌ಬಾದಿನಿಂದ ಲಕ್ಷ್ಮೀಪುರಂಗೆ ಎಷ್ಟು ದೂರ, ಹೇಳಿ? ಕೊನೆಗೆ ನನ್ನ ಮದುವೆ ಗೊತ್ತಾದಾಗ, ಇನ್ನು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹಸೆಮಣೆ ಏರಲಾರೆ ಅನ್ನಿಸಿತು. ಲಗ್ನಪತ್ರಿಕೆ ಹಿಡಿದು ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ತಂಗಿ ಬಾಗಿಲು ತೆಗೆದರು. ಮಿಸ್ ನಡುಮನೆಯ ಮಂಚದ ಮೇಲೆ ಕೂತಿದ್ದರು, ಕಣ್ಣು ಪೂರ್ತಿ ಹೋಗಿತ್ತು. ನಾನು "ಮಿಸ್" ಅಂದದ್ದೇ ತಡ, "ಯಾರು, ಲೀಡರಮ್ಮನಾ?" ಅಂದರು. ಹತ್ತಿರ ಕೂರಿಸಿಕೊಂಡು, ನೆತ್ತಿ ತಟ್ಟಿ, "ಅವರೆಕಾಳು ಇದೆಯಾ ಹೋಯ್ತಾ?" ಅಂತ ನಕ್ಕರು. ನಾನು ಬಾಯಿ ತೆರೆಯುವುದರೊಳಗೆ ಅವರೇ ನನ್ನ ಕೈ ಹಿಡಿದುಕೊಂಡರು.

"ನೀನು ಬಂದಿದ್ದು ಒಳ್ಳೇದಾಯ್ತು ಕಣೇ. ಒಂದು ಮಾತು ಕೇಳ್ಬೇಕಿತ್ತು. ಅವತ್ತು ನಾನು ಏನೂ ಬರೀಲಿಲ್ಲ ಅಂದ್ಬುಟ್ರು. ಬರೆದೆ ಕಣೇ ನಾನು. ಸೀಮೆಸುಣ್ಣ ಎಷ್ಟು ನುಣ್ಣಗೆ ಓಡ್ತಿತ್ತು ಗೊತ್ತಾ, ಬೆಣ್ಣೆ ಮೇಲೆ ಓಡ್ದಂಗೆ! ಹುಟ್ಟಿದಾರಭ್ಯ ಅಷ್ಟು ಚೆನ್ನಾಗಿ ಬರ್ದಿರ್ಲಿಲ್ಲ. ಬರೀದೇ ಇದ್ದಿದ್ರೆ ನೀವೆಲ್ಲ ಹೆಂಗೆ ಓದ್ತಿದ್ರಿ? ಇವಳಿಗೆ ಹೇಳಿದ್ರೆ ನಂಬಲ್ಲ, ಸುಮ್ನೆ ಹೂಂ ಅಂತಾಳೆ. ನೀನು ಕೋಲು ಹಿಡ್ದಿದ್ದೆ. ಹೇಳು, ಬರ್ದಿದ್ದೆ ತಾನೆ?"

ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಎಲ್ಲಿ ಹೋಯಿತೋ... ನಾವು ಓದಿದ್ದೊಂದೇ ಅವರ ಕೈಯಲ್ಲಿ ಉಳಿದಿದ್ದ ಸಾಕ್ಷಿ. ಎಣ್ಣೆ ಅಂತ ಬಾಯಿಬಿಟ್ಟರೆ, ಮಕ್ಕಳು ಓದಿದ್ದು ಖಾಲಿ ಹಲಗೆಯನ್ನು ಅಂತ ಹೇಳಿದ ಹಾಗಾಗುತ್ತಿತ್ತು.

"ಬರ್ದಿದ್ರಿ ಮಿಸ್. ಮೂರೂ ಸಾಲು ದುಂಡಗಿತ್ತು" ಅಂದೆ.

ಅವರು ಅಡುಗೆಮನೆಯ ಕಡೆ ಮುಖ ತಿರುಗಿಸಿ, "ಕೇಳಿಸ್ತೇನೇ?" ಅಂತ ತಂಗಿಗೆ ಕೂಗಿದರು. ನನ್ನ ಕೈ ಬಿಡಲಿಲ್ಲ. ಕಾಫಿ ಕುಡಿಯುವಾಗಲೂ ಇನ್ನೊಂದು ಕೈಯಲ್ಲೇ ಲೋಟ ಹಿಡಿದಿದ್ದರು.

ಅವರು ಹೋದದ್ದು ನನಗೆ ಗೊತ್ತಾದದ್ದು ತಡವಾಗಿ. ಮಾರ್ಕೆಟ್ಟಿನಲ್ಲಿ ಹೂ ಕೊಳ್ಳುವಾಗ ತಂಗಿ ಸಿಕ್ಕಿದ್ದರು. "ಹೋಗಿ ಎಂಟು ತಿಂಗ್ಳಾಯ್ತಮ್ಮ" ಅಂದರು. "ನೀನು ಬಂದು ಹೋದ್ಮೇಲೆ ಮನೆಗೆ ಬಂದವರಿಗೆಲ್ಲ ಒಂದೇ ಮಾತು. ನಮ್ಮ ಲೀಡರಮ್ಮ ಕಣ್ಣಾರೆ ನೋಡಿದ್ದಾಳೆ ಅಂತ" ಅಂದರು. ನಾನು ಹೂವಿನ ಪೊಟ್ಟಣವನ್ನು ಅಲ್ಲೇ ಮರೆತು ಬಂದೆ.

ಈಗ ಆ ತಂಗಿಯೂ ಇಲ್ಲ. ನಮ್ಮ ಶಾಲೆಯಲ್ಲಿ ಬಿಳಿ ಹಲಗೆ ಬಂದಿದೆಯಂತೆ, ಮಕ್ಕಳು ಪೆನ್ನಿನಲ್ಲಿ ಬರೆಯುತ್ತಾರಂತೆ. ಮೊನ್ನೆ ಕಿತ್ತ ಬಳ್ಳಿ ಇನ್ನೂ ಗೇಟಿನ ಹತ್ತಿರ ಒಣಗುತ್ತಾ ಬಿದ್ದಿದೆ. ನಾನು ಅಂದು ಹೇಳಿದ್ದು ಸುಳ್ಳು ಅಂತ ಇಷ್ಟು ವರ್ಷ ಕೊರಗಿದೆ. ಮೆಟ್ಟಿಲ ಮೇಲೆ ಕೂತಾಗ ಮಾತ್ರ ಹೊಳೆಯಿತು, ಅದು ಪೂರ್ತಿ ಸುಳ್ಳಲ್ಲ. ನೀವು ಬರೆದಿದ್ದಿರಿ, ಮಿಸ್. ಮೂರು ಸಾಲನ್ನೂ ಬರೆದಿದ್ದಿರಿ. ಅದು ಮೂಡದ ಹಾಗೆ ಮಾಡಿದವಳು ನಾನು. ನಿಮ್ಮ ಮುಂದೆ ಆಡಲಾಗದ ಮಾತನ್ನು ನೀವು ಕೈ ಹಿಡಿದು ಕಲಿಸಿದ ಅಕ್ಷರದಲ್ಲೇ ಇಲ್ಲಿ ಬರೆದಿದ್ದೇನೆ. ಓದಿ ಹೇಳೋಣ ಅಂದರೆ ನೀವಿಲ್ಲ.