ಎರಡು ಬಡಿತ, ಎರಡು ಹೆಜ್ಜೆ

ವಾಸುದೇವ ಕುಲಕರ್ಣಿಯವರು ಯಾರ ಮನೆಯ ಕರೆಗಂಟೆಯನ್ನೂ ಒತ್ತುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಎರಡು ಸಲ ಬಾಗಿಲು ಬಡಿಯುತ್ತಿದ್ದರು, ಬಡಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು. ಒಮ್ಮೆ ಹಾಗೆ ಸರಿಯುತ್ತಾ ಹಿಮ ತುಂಬಿದ ಹೂವಿನ ಪಾತಿಯಲ್ಲಿ ಮೊಣಕಾಲವರೆಗೆ ಇಳಿದು, ಅಲ್ಲಿಂದಲೇ ಮನೆಯವರಿಗೆ ನಗುನಗುತ್ತಾ ನಮಸ್ಕಾರ ಹೇಳಿದ್ದರು.

"ಗಂಟಿ ಒತ್ತಿದ್ರ ಒಳಗಿನವ್ರ ಎದಿ ಧಸಕ್ ಅಂತದ್ರಿ, ವೈನಿ. ಬಡದ್ರ ಯಾರೋ ಮನಷ್ಯಾ ಬಂದಾನ ಅಂತ ತಿಳೀತದ. ಇನ್ನ ಹೊಸ್ತಿಲಾ ಅವರದು. ಅದರ ಮ್ಯಾಲ ನಮ್ಮ ನೆರಳೂ ಬೀಳಬಾರದು," ಎಂದು ನನಗೆ ಹೇಳುತ್ತಿದ್ದರು. ವೈನಿ ಎಂದರೆ ಅವರ ಕಡೆಯ ಮಾತಿನಲ್ಲಿ ಅತ್ತಿಗೆ.

ನನಗೀಗ ಎಪ್ಪತ್ತೈದರ ಹತ್ತಿರ. ಇಂದಿಗೂ ಯಾರಾದರೂ ಗಂಟೆ ಬಿಟ್ಟು ಬಾಗಿಲು ಬಡಿದರೆ ಕಿವಿಗೊಟ್ಟು ಕೇಳುತ್ತೇನೆ. ಬಡಿತವನ್ನು ಎಣಿಸುತ್ತೇನೆ. ಮೂರಾದರೆ ನಿರಾಳ. ಎರಡಕ್ಕೇ ನಿಂತರೆ, ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಹೋಗಿ ಬಾಗಿಲು ತೆಗೆಯುತ್ತೇನೆ. ಅಂಚೆಯವನೋ ಪಕ್ಕದ ಮನೆಯವಳೋ ಇರುತ್ತಾರೆ. ಏದುಸಿರು ಬಿಡುತ್ತಾ ನಿಂತ ಮುದುಕಿಯನ್ನು ನೋಡಿ ಅವರಿಗೇ ಗಾಬರಿಯಾಗುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಅಮೆರಿಕದ ಫೋರ್ಟ್ ಲೀಯಿಂದ ಎರಡು ಮೈಲಿ ಆಚೆಯ ಒಂದು ಸಣ್ಣ ಊರಿನಲ್ಲಿ, ಇಟ್ಟಿಗೆ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಾವಿದ್ದೆವು. ನನ್ನ ಗಂಡ ಶ್ರೀನಿವಾಸ ದಿನಾ ಬಸ್ಸಿನಲ್ಲಿ ಸೇತುವೆ ದಾಟಿ ಮ್ಯಾನ್‌ಹಾಟನ್ನಿಗೆ ಹೋಗುವ ಎಂಜಿನಿಯರು. ನಾನು ಮೈಸೂರಿನವಳು, ಹೊಸದಾಗಿ ಲೈಸೆನ್ಸ್ ಸಿಕ್ಕವಳು. ಎದುರು ಬರುವ ಗಾಡಿಗಳನ್ನು ದಾಟಿ ಎಡಕ್ಕೆ ತಿರುಗುವುದೆಂದರೆ ಭಯ. ಎಡಕ್ಕೆ ತಿರುಗಬೇಕಾದ ಕಡೆಯಲ್ಲಿ ಮೂರು ಸಲ ಬಲಕ್ಕೆ ತಿರುಗಿ ಹೋಗುತ್ತಿದ್ದೆ.

ಕುಲಕರ್ಣಿಯವರು ಧಾರವಾಡದವರು, ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ವಯಸ್ಸು ನಲವತ್ತರ ಆಸುಪಾಸು. ಕನ್ನಡಕ ಎಷ್ಟು ದಪ್ಪವೆಂದರೆ ಅವರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಧೈರ್ಯ ಯಾರಿಗೂ ಆಗಿರಲಿಲ್ಲ. ವೈದಿಕರ ಮನೆತನ, ಮಂತ್ರಗಳೆಲ್ಲ ಬಾಯಿಪಾಠ. ದೇವಸ್ಥಾನವಿಲ್ಲದ ಆ ಕಾಲದಲ್ಲಿ ಸುತ್ತಿನ ಹತ್ತು ಹನ್ನೆರಡು ಕನ್ನಡದ ಮನೆಗಳಿಗೆ ಪುರೋಹಿತರೂ ಅವರೇ, ಪಂಚಾಂಗವೂ ಅವರೇ. ನಾಮಕರಣಕ್ಕೆ, ಗಣಪತಿ ಹಬ್ಬಕ್ಕೆ ಬಸ್ಸಿನಲ್ಲಿ ಬಂದು ಪೂಜೆ ಮಾಡಿಸಿ, ಇಬ್ಬರಿಗಾಗುವಷ್ಟು ಹುಳಿಯನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದರು. "ವಾಲ್ಟರ್‌ಗ ಹುಳಿ ಅಂದ್ರ ಜೀವರೀ," ಎನ್ನುತ್ತಿದ್ದರು. ವಾಲ್ಟರ್ ಪಿಯಾನೊ ಶ್ರುತಿ ಮಾಡುವವನು, ಅವರ ರೂಮ್‌ಮೇಟ್. ಆರು ವರ್ಷದಿಂದ ರೂಮ್‌ಮೇಟ್ ಆಗಿಯೇ ಇದ್ದ ಅವನ ಬಗ್ಗೆ ನಾವ್ಯಾರೂ ಮುಂದಕ್ಕೆ ಯೋಚನೆ ಮಾಡುತ್ತಿರಲಿಲ್ಲ. ಮಾಡದಿರುವಂತೆ ಜಾಗ್ರತೆಯಾಗಿದ್ದೆವು ಎನ್ನುವುದು ಇನ್ನೂ ಸರಿ.

ಒಂದು ಮಾರ್ಚಿನಲ್ಲಿ ಅವರು ನನ್ನ ಗಂಡನನ್ನು ಕೇಳಿದರು: "ಶನಿವಾರಕ್ಕೊಮ್ಮೆ ವೈನಿ ನನ್ನ ಸ್ವಲ್ಪ ಕಾರಿನ್ಯಾಗ ಅಡ್ಡಾಡಿಸ್ಯಾರೇನು? ಊರಾಗ ಸಹಿ ಸಂಗ್ರಹ ಅದ. ಅವ್ರಿಗೂ ಪ್ರ್ಯಾಕ್ಟೀಸ್ ಆಗ್ತದ." ಲೈಬ್ರರಿಗೋ ರಸ್ತೆಗೋ ಸಹಿ ಕೇಳುತ್ತಿರಬೇಕೆಂದುಕೊಂಡು ನನ್ನ ಗಂಡ ಒಪ್ಪಿದರು. ಕಾರಿನಲ್ಲಿ ಕುಳಿತ ಮೇಲೆ ಕುಲಕರ್ಣಿಯವರು ನನ್ನ ಕಡೆ ತಿರುಗಿ, "ಮೊದಲ ಕೇಳ್ರಿ, ಆಮ್ಯಾಲೆ ಗಾಡಿ ಚಾಲೂ ಮಾಡ್ರಿ," ಎಂದರು.

"ಗಂಡಸರ ಜೋಡಿ ಬಾಳೂ ಗಂಡಸರು, ಹೆಂಗಸರ ಜೋಡಿ ಬಾಳೂ ಹೆಂಗಸರು ಇರ್ತಾರಲ್ರಿ, ಅದು ಗೊತ್ತಾತಂದ್ರ ನೌಕರಿ ತಗೀತಾರ, ಬಾಡಗಿ ಮನಿ ಬಿಡಸ್ತಾರ. ಹಂಗ ಮಾಡಬಾರದು ಅಂತ ಊರಿನ ಕೌನ್ಸಿಲ್ ಕಾಯ್ದೆ ಮಾಡ್ಲಿ ಅಂತ ಮನಿ ಮನಿಗೆ ಹೋಗಿ ಸಹಿ ಕೇಳೂದು. ನೀವು ಒಲ್ಲೆ ಅಂದ್ರ ನಾ ನಡಕೋತ ಹೋಗ್ತೀನಿ. ಏನೂ ಅನ್ಕೊಳ್ಳಂಗಿಲ್ಲ."

ನಾನು ಕಾರು ಚಾಲೂ ಮಾಡಿದೆ. ಧೈರ್ಯದಿಂದ ಮಾಡಿದ್ದಲ್ಲ. ಪೂಜೆ ಮಾಡಿಸುವವರಿಗೆ ಒಲ್ಲೆ ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟೇ.

ಅವರ ಕೈಯಲ್ಲೊಂದು ರಟ್ಟಿನ ಹಲಗೆ, ಅದಕ್ಕೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಹಾಳೆಗಳು. ಒಂದರಲ್ಲಿ ಮನೆಗಳ ಪಟ್ಟಿ, ಉಳಿದವು ಸಹಿಗೆ. ಹಲಗೆಗೆ ಪೆನ್ನನ್ನು ಕಟ್ಟಿದ್ದ ದಾರವನ್ನು ಬಗ್ಗಿ ನೋಡಿದೆ. ಹಳೆಯ ಜನಿವಾರ! ಬ್ರಹ್ಮಗಂಟು ಹಾಗೇ ಇತ್ತು.

"ಅಯ್ಯೋ, ಇದೇನು ನೀವು ಹೀಗೆ ಮಾಡೋದು!" ಎಂದೆ.

"ಹೊಸಾದು ಹಾಕ್ಕೊಂಡ ಮ್ಯಾಲ ಹಳೇದನ್ನ ನೀರಿಗೆ ಬಿಡಬೇಕ್ರಿ. ಹಡ್ಸನ್ ಹೊಳ್ಯಾಗ ಒಗೀಲಿಕ್ಕೆ ಹೋಗಿದ್ದೆ, ಪೋಲಿಸಪ್ಪ ಬೈದು ಕಳಿಸಿದ. ಇರ್ಲಿ, ಗಟ್ಟಿ ನೂಲು ಅದ. ನಾಕು ಮಂದಿ ಕೈಯಾಗ ಪೆನ್ನು ನಿಲ್ಲಸ್ತದ."

ಅವರ ಕಟ್ಟುಪಾಡುಗಳು ಮಡಿಗಿಂತ ಬಿಗಿ. ಯಾರ ಮನೆಯೊಳಗೂ ಹೋಗಕೂಡದು. ಕುಳಿತು ಕಾಫಿ ಕುಡಿದು ಸಹಿ ಕೇಳಕೂಡದು, ಅದು ದಾಕ್ಷಿಣ್ಯದ ಸಹಿಯಾಗುತ್ತದೆ. ಸಹಿಯನ್ನು ಅವರವರ ಬಾಗಿಲಲ್ಲೇ ಪಡೆಯಬೇಕು, ದಾರಿಯಲ್ಲಿ ಸಿಕ್ಕಾಗ ಅಲ್ಲ. ಹಾಳೆಯ ಮೇಲೆ ಬರೆದದ್ದನ್ನು ಯಾವ ಕಾರಣಕ್ಕೂ ಹೊಡೆದುಹಾಕಕೂಡದು. ಎಲ್ಲಕ್ಕಿಂತ ನನಗೆ ವಿಚಿತ್ರವಾಗಿ ಕಂಡದ್ದು, ಬಾಗಿಲು ತೆಗೆಯದವರ ವಿಷಯ. ಎಷ್ಟೋ ಮನೆಗಳಲ್ಲಿ ಪರದೆ ಅಲುಗುತ್ತಿತ್ತು, ಟಿವಿ ಸದ್ದು ತಟ್ಟನೆ ನಿಲ್ಲುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಅಂಥ ಮನೆಯ ಮುಂದೆಯೂ ಅವರು ‘ಮನೆಯಲ್ಲಿಲ್ಲ, ಮತ್ತೆ ಹೋಗಬೇಕು’ ಎಂದೇ ಬರೆಯುತ್ತಿದ್ದರು.

"ಒಳಗೇ ಇದ್ದಾರಲ್ಲ, ಕಾಣಿಸ್ತಿದೆಯಲ್ಲ," ಎಂದು ನಾನು ಹಂಗಿಸಿದರೆ, "ಒಲ್ಲೆ ಅಂತ ಬಾಯಿಬಿಟ್ಟು ಅಂದಿಲ್ಲಲ್ರಿ. ಹೆದರಿದವ್ರು ಮನ್ಯಾಗ ಇದ್ರೂ ಇಲ್ಲದಾಂಗ. ಎಂದರ ಒಂದಿನ ತಿರುಗಿ ಬರ್ತಾರ," ಎನ್ನುತ್ತಿದ್ದರು.

ಎರಡನೆಯ ಶನಿವಾರ ನನ್ನನ್ನೂ ಒಂದು ಬಾಗಿಲಿಗೆ ಕಳಿಸಿದರು. ಬಡಿದೆ, ಹಿಂದೆ ಸರಿದೆ. ಇಟಲಿಯ ಕಡೆಯ ಅಜ್ಜಿಯೊಬ್ಬಳು ಬಾಗಿಲು ತೆಗೆದಳು. ನೋಡಿದರೆ ನಾನು ಕರಗುತ್ತಿದ್ದ ಹಿಮದ ಮೇಲೆ ಬರೀ ಸಾಕ್ಸಿನಲ್ಲಿ ನಿಂತಿದ್ದೇನೆ! ಇನ್ನೊಬ್ಬರ ಮನೆಯ ಬಾಗಿಲು ಕಂಡ ಕೂಡಲೇ ಕಾಲು ತನ್ನಷ್ಟಕ್ಕೆ ಬೂಟು ಕಳಚಿಬಿಟ್ಟಿತ್ತು. ಅಜ್ಜಿ "ಬಡಪಾಯಿ ಮಗು" ಎಂದು ಲೊಚಗುಟ್ಟಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಸಹಿ ಹಾಕಲು ಬಂದಳು. ಕುಲಕರ್ಣಿಯವರು ಗೇಟಿನಿಂದ ಓಡಿಬಂದು ತಡೆದು, ಎಲ್ಲವನ್ನೂ ವಿವರಿಸಿ, ಆಮೇಲೆ ಸಹಿ ಹಾಕಿಸಿಕೊಂಡರು. ದಾರಿಯುದ್ದಕ್ಕೂ ಅವರಿಗೆ ನಗು. "ವೈನಿ, ಮುಂದಿನ ಮನಿಗೆ ಸಾಕ್ಸನೂ ಬಿಚ್ಚಿಬಿಡ್ರಿ."

ಹಾಗೆ ನಗುತ್ತಾ ಬಂದ ರಸ್ತೆಯ ಕೊನೆಯಲ್ಲೇ ಇನ್ನೊಂದು ಮನೆಯಿತ್ತು. ಎತ್ತರದ ಮುದುಕ ಬಾಗಿಲು ತೆಗೆದು, ಕುಲಕರ್ಣಿಯವರ ಮಾತನ್ನು ಕೊನೆಯವರೆಗೆ ಕೇಳಿ ಬಾಗಿಲು ಮುಚ್ಚಿದ. ನಾವು ಕಾರಿನ ಹತ್ತಿರ ಬಂದಾಗ ಮತ್ತೆ ತೆರೆದು ಕರೆದ. "ನೀವು ಮೂರು ವರ್ಷ ತಡವಾಗಿ ಬಂದಿರಿ," ಎಂದ. ಮಗನ ಕೆಲಸ ಹೋಗಿತ್ತಂತೆ, ಊರು ಆಡಿಕೊಂಡಿತಂತೆ, ಅಪ್ಪನೂ ಊರಿನ ಜೊತೆ ಸೇರಿಕೊಂಡನಂತೆ. ಹುಡುಗ ತನ್ನ ಜೀವ ತಾನೇ ತೆಗೆದುಕೊಂಡ. ಮುದುಕ ಪೆನ್ನು ಹಿಡಿದು ನಿಧಾನವಾಗಿ ಬರೆದ. ಬರೆದದ್ದು ತನ್ನ ಹೆಸರಲ್ಲ, ಮಗನದು.

ಕಾರಿನಲ್ಲಿ ಕುಲಕರ್ಣಿಯವರು ಆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. "ಇದು ನಡಿಯಂಗಿಲ್ರಿ. ಸತ್ತವ್ರ ಸಹಿ ಕೌನ್ಸಿಲ್‌ನವ್ರು ಒಪ್ಪಂಗಿಲ್ಲ. ಆದ್ರ ಇದರ ಮ್ಯಾಲ ಗೀಟು ಎಳೀಲಿಕ್ಕೆ ನನ್ನ ಕಡಿಂದ ಆಗಂಗಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ರಸ್ತೆಯನ್ನೇ ನೋಡುತ್ತಾ, "ವಾಲ್ಟರ್ ನನ್ನ ರೂಮ್‌ಮೇಟ್ ಅಲ್ರಿ, ವೈನಿ. ನಿಮಗ ಗೊತ್ತಿತ್ತಲ್ಲ?" ಎಂದರು.

"ಗೊತ್ತಿತ್ತು," ಎಂದೆ. ಹೇಳಿದ ಮೇಲೆ ಅದು ನಿಜವೆಂದು ನನಗೇ ತಿಳಿಯಿತು. ಅವರಿಗೂ ಎಲ್ಲಿಯಾದರೂ ಅಂಥ ಗತಿ ಬಂದರೆ ಎಂದು ಭಯವಾಯಿತು. "ನನ್ನ ಸಹಿಯೂ ಹಾಕ್ತೀನಿ, ಕೊಡಿ," ಎಂದು ಕೈ ಚಾಚಿದೆ.

"ಕಾರಿನ್ಯಾಗ ಬ್ಯಾಡ್ರಿ. ನಿಮ್ಮ ಬಿಲ್ಡಿಂಗಿನ ಪಾಳಿ ಬರ್ತದ. ನಿಮ್ಮ ಬಾಗಲಾ ಬಡೀತೀನಿ, ಅಲ್ಲೇ ನಿಂತು ಹಾಕೀರಂತ. ಅವಸರಿಲ್ಲ."

"ನಾನೇ ಬಂದು ತೆಗೀತೀನಿ," ಎಂದೆ. ಮಾತು ಕೊಟ್ಟದ್ದು ಹೀಗೆ.

ಬೇಸಿಗೆಯಲ್ಲಿ ಪಟ್ಟಿಯಲ್ಲೊಂದು ಕನ್ನಡದ ಮನೆ ಬಂತು. ಅದನ್ನು ಬಿಟ್ಟುಬಿಡಿ ಎಂದು ನಾನು ಬೇಡಿಕೊಂಡೆ. "ಯಾರನ್ನೂ ಬಿಡಂಗಿಲ್ಲ. ಅವರನ್ನ ಕೇಳದನ ಅವರು ಒಲ್ಲೆ ಅಂತಾರ ಅಂತ ನಾ ಹೆಂಗ ಅನ್ಲಿ?" ಎಂದು ಇಳಿದು ಹೋದರು. ಆ ಮನೆಯಾಕೆ ಪ್ರಸಾದ ತಂದಿದ್ದಾರೆಂದುಕೊಂಡು "ಬನ್ನಿ ಬನ್ನಿ, ಕಾಫಿ ಆಗ್ತಿದೆ," ಎಂದು ಕರೆದರೆ ಇವರು ಹೊರಗೇ ನಿಂತು ವಿಷಯ ಹೇಳಿದರು. ಬಾಗಿಲು ಮುಚ್ಚಿತು. ಸಂಜೆಯೊಳಗೆ ಎಲ್ಲರ ಮನೆಯ ಫೋನೂ ಗಣಗಣ. ನನ್ನ ಗಂಡ ಕೂಗಾಡುವವರಲ್ಲ. ಊಟ ಮಾಡುತ್ತಾ, "ಸಿಟಿಜನ್‌ಶಿಪ್ ಪೇಪರ್ಸ್ ಹಾಕಿದ್ದೀವಿ ಸುಶೀಲ. ಈ ಟೈಮಲ್ಲಿ ನಿನ್ನ ಹೆಸರು ಎಲ್ಲೂ ಬರೋದು ಬೇಡಮ್ಮ," ಎಂದರು. ಮುಂದಿನ ಶನಿವಾರ ಕಾರು ರಿಪೇರಿಗೆ ಹೋಗಿದೆಯೆಂದು ಕುಲಕರ್ಣಿಯವರಿಗೆ ಸುಳ್ಳು ಹೇಳಿದೆ. "ಹೌದೇನ್ರಿ? ಇರ್ಲಿ ಬಿಡ್ರಿ," ಎಂದರು. ಮತ್ತೆ ಕೇಳಲಿಲ್ಲ.

ಆ ವರ್ಷ ಗೌರಿ ಹಬ್ಬ ಶನಿವಾರ ಬಂತು. ಪೂಜೆ ನಮ್ಮ ಮನೆಯಲ್ಲಿ. ಕುಲಕರ್ಣಿಯವರನ್ನು ಕರೆಯುವಂತಿಲ್ಲ ಎಂದು ಹೆಂಗಸರೆಲ್ಲ ಮೊದಲೇ ತೀರ್ಮಾನಿಸಿದ್ದರು. ಮಂತ್ರಕ್ಕೇನು ಮಾಡುವುದು? ಹಿಂದಿನ ವರ್ಷ ಅವರು ಮಾಡಿಸಿದ ಪೂಜೆಯನ್ನು ನನ್ನ ಗಂಡ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಅದನ್ನೇ ಹಾಕಿದೆವು. ಮನುಷ್ಯ ಬೇಡ, ಅವನ ದನಿ ಬೇಕು. ಉಳಿದ ಒಬ್ಬರಿಗೂ ಅದು ಅನ್ಯಾಯವೆನಿಸಲಿಲ್ಲ. ನನಗೆ ಎನಿಸಿತ್ತು, ಆದರೂ ಪೂಜೆಗೆ ಕುಳಿತೆ.

ಟೇಪಿನಲ್ಲಿ ಅವರು ಮಂತ್ರದ ನಡುನಡುವೆ ಹೇಳಿಕೊಡುತ್ತಿದ್ದರು: "ಈಗ ಅರಿಶಿಣ ಏರಸ್ರಿ. ಇನ್ನ ಕುಂಕುಮ. ಸಾವಕಾಶ ಆಗ್ಲಿ, ಅವಸರಿಲ್ಲ." ನಾನು ಕುಂಕುಮಕ್ಕೆ ಕೈ ಹಾಕಿದ್ದೆ. ಬಾಗಿಲ ಮೇಲೆ ಎರಡು ಸಲ ಬಡಿತ ಕೇಳಿಸಿತು.

ಎಲ್ಲರೂ ನನ್ನನ್ನು ನೋಡಿದರು. ಎದ್ದು ಬಾಗಿಲಿಗೆ ಹೋಗಿ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟೆ. ಹತ್ತಿರ ನಿಂತವರಾದರೆ ಬರೀ ಮೂಗು ಕಾಣುತ್ತದೆ. ಅವರು ಎರಡು ಹೆಜ್ಜೆ ಹಿಂದೆ ನಿಂತಿದ್ದರಿಂದ ಪೂರ್ತಿ ಕಂಡರು. ಇಸ್ತ್ರಿ ಮಾಡಿದ ಅಂಗಿ, ಎದೆಗೆ ಅವುಚಿಕೊಂಡ ಹಲಗೆ, ಜನಿವಾರದಲ್ಲಿ ತೂಗುವ ಪೆನ್ನು. ನಾನು ಕೊಟ್ಟ ಮಾತಿಗೆ ಬಂದಿದ್ದರು. ನನ್ನ ಬೆನ್ನ ಹಿಂದೆ ಅವರದೇ ದನಿ, "ಹೂವು ಏರಸ್ರಿ, ವೈನಿ," ಎಂದಿತು. ಕಿಂಡಿಯಾಚೆ ಅವರು ತಲೆ ಎತ್ತಿದರು. ಕೇಳಿಸಿತ್ತು. ಒಂದು ಕ್ಷಣ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

ಚಿಲಕದ ಮೇಲೆ ನನ್ನ ಕೈಯಿತ್ತು. ಬೆರಳಿಗೆ ಮೆತ್ತಿದ ಕುಂಕುಮ ಚಿಲಕಕ್ಕೆ ಹತ್ತಿತು. ತೆಗೆಯಲಿಲ್ಲ. ಅವರು ಹಲಗೆಯ ಮೇಲೆ ಏನೋ ಬರೆದುಕೊಂಡು ಪಕ್ಕದ ಮನೆಯ ಕಡೆ ನಡೆದರು. ಅಲ್ಲಿ ಎರಡು ಸಲ ಬಡಿದದ್ದೂ ಕೇಳಿಸಿತು.

ನಾಚಿಕೆಗೆ ಎರಡು ತಿಂಗಳು ಅತ್ತ ಸುಳಿಯಲಿಲ್ಲ. ನವೆಂಬರಿನಲ್ಲಿ ಒಂದು ಡಬ್ಬಿ ಹುಳಿ ಮಾಡಿಕೊಂಡು ಅವರ ಮನೆಗೆ ಹೋದೆ. ಎರಡು ಸಲ ಬಡಿದೆ, ಎರಡು ಹೆಜ್ಜೆ ಹಿಂದೆ ಸರಿದೆ. ಯಾರೂ ಬರಲಿಲ್ಲ. ಕಿಟಕಿಗೆ ಪರದೆ ಇರಲಿಲ್ಲ. ಒಳಗೆ ಪಿಯಾನೊ ಇದ್ದ ಕಡೆ ಕಾರ್ಪೆಟ್ಟಿನ ಮೇಲೆ ಬರೀ ಅದರ ಕಾಲುಗಳು ಒತ್ತಿದ ಗುರುತುಗಳು. ಮನೆಯ ಮಾಲೀಕ ಇಬ್ಬರನ್ನೂ ಬಿಡಿಸಿದ, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದು ಪಕ್ಕದವರು ಹೇಳಿದರು. ಯಾವ ಗತಿ ಯಾರಿಗೂ ಬರಬಾರದೆಂದು ಮನೆಮನೆ ತಿರುಗಿದರೋ, ಅದೇ ಅವರಿಗೆ ಬಂದಿತ್ತು.

ಮುಂದಿನ ಮಾರ್ಚಿನಲ್ಲಿ ನಮ್ಮ ಮನೆಯ ಗಂಟೆ ಬಾರಿಸಿತು. ದಪ್ಪ ಕೋಟು ಹಾಕಿದ ನಡುವಯಸ್ಸಿನ ಅಮೆರಿಕನ್ ಹೆಂಗಸು. ಕಾಯ್ದೆ ಇನ್ನೂ ಆಗಿಲ್ಲ, ಹಿಂದಿನ ಸ್ವಯಂಸೇವಕರು ಬಿಟ್ಟುಹೋದ ಮನೆಗಳನ್ನು ತಾನು ನೋಡುತ್ತಿದ್ದೇನೆ ಎಂದಳು. ಕೈಯಲ್ಲಿ ಅದೇ ಹಲಗೆ. ನೂಲು ಕಪ್ಪಾಗಿತ್ತು, ಗಂಟು ಹಾಗೇ ಇತ್ತು. ಅವರು ಎಲ್ಲಿದ್ದಾರೆಂದು ಕೇಳಿದೆ. ಅವಳಿಗೂ ತಿಳಿದಿರಲಿಲ್ಲ.

ಪೆನ್ನು ಹಿಡಿದು ಸಹಿ ಹಾಕಿದೆ. ಮೇಲಿನ ಹಾಳೆ ಸರಿದಾಗ ಪಟ್ಟಿ ಕಂಡಿತು. ನಮ್ಮ ಮನೆಯ ಸಂಖ್ಯೆಯ ಮುಂದೆ ಇಂಗ್ಲಿಷಿನಲ್ಲಿ ಕುಲಕರ್ಣಿಯವರ ಓರೆ ಅಕ್ಷರ: ‘ಮನೆಯಲ್ಲಿಲ್ಲ. ಮತ್ತೆ ಹೋಗಬೇಕು. ಗಂಟೆ ಒತ್ತಬೇಡಿ.’

"ಇದನ್ನು ಹೊಡೆದುಹಾಕಿ," ಎಂದೆ. "ನಾನು ಮನೆಯಲ್ಲೇ ಇದ್ದೆ."

"ಪರವಾಗಿಲ್ಲ, ಈಗ ಸಿಕ್ಕಿದಿರಲ್ಲ," ಎಂದಳು ಆಕೆ. "ಬರೆದದ್ದನ್ನು ಹೊಡೆಯುವ ಹಾಗಿಲ್ಲ."

ಅವಳು ಹೋದ ಮೇಲೆ ಬಾಗಿಲು ಹಾಕಿ, ಕಿಂಡಿಯಲ್ಲಿ ಕಣ್ಣಿಟ್ಟು ಎಷ್ಟೋ ಹೊತ್ತು ನಿಂತಿದ್ದೆ. ಎರಡು ಹೆಜ್ಜೆ ಆಚೆಯ ಆ ಜಾಗ ಖಾಲಿಯಿತ್ತು. ಅಲ್ಲಿ ನಿಂತು, ಒಳಗೆ ತಮ್ಮದೇ ದನಿ ನನ್ನನ್ನು ವೈನಿ ಎಂದು ಕರೆಯುವುದನ್ನು ಕೇಳಿಸಿಕೊಂಡು, ಅವರು ನಾನು ಮನೆಯಲ್ಲಿಲ್ಲ ಎಂದು ಬರೆದಿದ್ದರು.