ಗಂಗವ್ವನ ಚಾಲೂ

ಇವತ್ತು ಕೋಠಿಯ ಔಷಧದಂಗಡಿಯಲ್ಲಿ ಮೊಣಕಾಲಿಗೆ ಹಾಕುವ ಪಟ್ಟಿ ಕೊಳ್ಳುತ್ತಿದ್ದೆ. ಅಂಗಡಿಯವನು ಅದನ್ನು ಎರಡೂ ಕೈಯಿಂದ ಎಳೆದು ಅಗಲ ಮಾಡಿ ತೋರಿಸಿ, "ಚಾಲಾ ಅಮ್ಮಾ?" ಎಂದ. ಸಾಕೇ ಎಂದು ತೆಲುಗಿನಲ್ಲಿ ಕೇಳಿದ, ಅಷ್ಟೇ. ನನಗೆ ನಗು ತಡೆಯಲಾಗಲಿಲ್ಲ. ಕಾಲಿನ ದಪ್ಪವನ್ನು ಆಡಿಕೊಂಡಂತಾಯಿತೇನೋ ಎಂದು ಪಾಪ ಅವನು ಗಾಬರಿಯಾದ. ನಿಮಗಾದರೂ ಕಾರಣ ಹೇಳಬೇಕು.

ಉಪ್ಪಲ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ ನಾನು ಆಯಾ. ಹುಟ್ಟಿದ್ದು ಬೀದರ ಕಡೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಇಬ್ಬರು ಆಯಾಗಳು ಒಟ್ಟಿಗೆ ಕೆಲಸ ಬಿಟ್ಟರು. ಅವರ ಪಾಲಿನ ಮುದುಕ ಮುದುಕಿಯರೆಲ್ಲ ನನ್ನ ತಲೆಗೆ ಬಂದರು. ವಾರದ ರಜೆ ಹೋಯಿತು. ನೀರು ಹಾಕು, ಉಣಿಸು, ಮಗ್ಗುಲು ಹೊರಳಿಸು, ಒರೆಸು. ಬೆಳಗಿನಿಂದ ಗಾಣದೆತ್ತಿನ ಬಾಳು. ದಣಿವು ಎಂದರೆ ಮೈ ನೋಯುವುದು ಅಂದುಕೊಂಡಿದ್ದೆ. ಅಲ್ಲ. ಒಬ್ಬರ ಹಲ್ಲಿನ ಸೆಟ್ಟನ್ನು ಇನ್ನೊಬ್ಬರ ಬಾಯಿಗೆ ಇಡಲು ಹೋದೆ. ಮನೆಗೆ ಊಟಕ್ಕೆ ಬಂದ ನಾದಿನಿಯ ಗಂಡನ ಕೊರಳಿಗೆ ಟವೆಲ್ ಕಟ್ಟಿ, ತಟ್ಟೆ ಮುಂದಿಟ್ಟು, "ಮೋಶನ್ ಆತೇನ್ರಿ?" ಎಂದು ಕೇಳಿದೆ. ಅವರು ಆಮೇಲೆ ನಮ್ಮಲ್ಲಿ ಊಟಕ್ಕೆ ನಿಂತಿಲ್ಲ.

ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಯಾರಾದರೂ "ಅಮ್ಮಾ" ಎಂದು ಕರೆದರೆ ಸಾಕು, ಸಿಟ್ಟು ನೆತ್ತಿಗೇರುತ್ತಿತ್ತು. ಆ ಸಿಟ್ಟಿಗೆ ನಾನೇ ಹೆದರಿದ್ದೆ.

ಅಂಥ ಹೊತ್ತಿನಲ್ಲಿ ಬಂದವರು ಗಂಗವ್ವ. ಬಾಗಲಕೋಟೆ ಕಡೆಯವರು, ಸನತ್‌ನಗರದಲ್ಲಿ ಮಗಳ ಮನೆಯಲ್ಲಿದ್ದರು. ಬಿದ್ದು ಸೊಂಟದ ಎಲುಬು ಮುರಿದು, ಆಪರೇಷನ್ ಆದಮೇಲೆ ನಮ್ಮಲ್ಲಿಗೆ ಬಂದರು. ಮತ್ತೆ ನಡಿಗೆ ಕಲಿಸಬೇಕಿತ್ತು. ಅವರು ಮಂಚ ಇಳಿಯಲೊಲ್ಲರು. "ನಾಳೆ ಚಾಲೂ ಮಾಡೂಣು ತಗೋ" ಅನ್ನುವರು. ಕಾಲು ಚಾಲೂ ಆಗಲಿಲ್ಲ, ಬಾಯಿ ಮಾತ್ರ ನಿಲ್ಲಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ತವರಿನ ಎಮ್ಮೆಯ ಕಥೆ ತೆಗೆಯುವರು. "ಚಾಲು ಅವ್ವಾ, ಚಾಲು" ಎಂದು ಬಾಯಿಗೆ ಬಂದ ತೆಲುಗಿನಲ್ಲಿ ನಾನು ಬೇಡಿಕೊಳ್ಳುವೆ, ಸಾಕು ಮಾಡಿ ಎಂದು. ಅವರ ಕನ್ನಡದಲ್ಲಿ ಚಾಲೂ ಎಂದರೆ ಶುರುಮಾಡು. "ಹೂಂ, ಎಲ್ಲಿಗೆ ಬಂದಿದ್ದೆ?" ಎಂದು ಮತ್ತೆ ಮೊದಲಿನಿಂದ ಹೇಳುವರು. ಒಂದೇ ವಾರದಲ್ಲಿ ಆ ಎಮ್ಮೆ ಮೂರು ಸಲ ಈಯಿತು.

ಒಂದು ಮಧ್ಯಾಹ್ನ ಗಂಗವ್ವನ ಕೋಣೆಯ ಬಾಗಿಲಲ್ಲೇ ನಿಂತು ಮ್ಯಾನೇಜರ್ ಮೇಡಂಗೆ ಹೇಳಿಬಿಟ್ಟೆ: "ನಾಕು ಚಾಲು ಮೇಡಂ. ರೇಪಟಿನುಂಚಿ ರಾನು." ನನಗೆ ಸಾಕಾಯಿತು, ನಾಳೆಯಿಂದ ಬರುವುದಿಲ್ಲ ಎಂದು. ಮೇಡಂ ಬಾಯಿ ತೆರೆಯುವ ಮೊದಲೇ ಒಳಗೆ ವಾಕರ್ ಸದ್ದಾಯಿತು. ನೋಡಿದರೆ ಗಂಗವ್ವ ಎದ್ದು ನಿಂತಿದ್ದಾರೆ. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಕಾಲು ಗಡಗಡ ನಡುಗುತ್ತಿತ್ತು. ಓಡಿಹೋಗಿ ಹಿಡಿದುಕೊಂಡೆ.

"ಯಾರು ಏಳು ಅಂದ್ರು ನಿಮಗ?"

"ನೀನ ಅಂದ್ಯಲ್ಲವ್ವಾ, ಚಾಲೂ ಅಂತ."

"ಬಿದ್ದಿದ್ರ?"

"ನೀ ಅದಿಯಲ್ಲ."

ನಾನು ಅತ್ತುಬಿಟ್ಟೆ. ಎಷ್ಟೋ ತಿಂಗಳಿಂದ ಅಳಲೂ ಪುರುಸೊತ್ತಿರಲಿಲ್ಲ. ಹಿಂದೆಯೇ ಬಂದ ಮೇಡಂ, ಏನೋ ಹೇಳುತ್ತಿದ್ದೆಯಲ್ಲ ಎಂದರು. ಪ್ರತಿ ಗುರುವಾರ ರಜೆ ಬೇಕು, ಇನ್ನೊಬ್ಬ ಆಯಾ ಬೇಕು, ಅದನ್ನೇ ಹೇಳುತ್ತಿದ್ದೆ ಎಂದೆ. ರಜೆ ಆ ವಾರವೇ ಸಿಕ್ಕಿತು. ಆಯಾ ಬರಲು ಮೂರು ತಿಂಗಳು ಹಿಡಿಯಿತು.

ಗಂಗವ್ವ ಮನೆಗೆ ಹೊರಟ ದಿನ ಅವರ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದೆ. ಲೋಟಕ್ಕೆ ಅಂಗೈ ಅಡ್ಡ ಹಿಡಿದು, "ಚಾಲು, ಚಾಲು" ಎಂದರು. ನನ್ನ ಕೈ ಅಲ್ಲೇ ನಿಂತಿತು.

"ಅವ್ವಾ, ನಿಮಗ ತೆಲುಗು ಬರ್ತೈತಿ?"

"ಹತ್ತು ವರ್ಷ ಆತು ಸನತ್‌ನಗರಕ್ಕ ಬಂದು. ಕಾಯಿಪಲ್ಲೆ ಕನ್ನಡದಾಗ ತರ್ತಿದ್ದೆ ಅಂತ ತಿಳಿದಿ?"

"ಮತ್ತ ಆ ಎಮ್ಮಿ ಕಥಿ?"

"ಅದನ್ನ ಹೇಳಾಕತ್ತಿದ್ರ ನೀ ಒಂದು ಘಳಿಗಿ ಕುಂದರ್ತಿದ್ದಿ."

ಅಂಗಡಿಯವನು ಇನ್ನೂ ಪಟ್ಟಿ ಎಳೆದುಕೊಂಡೇ ನಿಂತಿದ್ದ. "ಚಾಲು" ಎಂದು ತೆಗೆದುಕೊಂಡೆ. ಅಷ್ಟರಲ್ಲಿ ಫೋನು ಬಂತು, ಮೇಡಂದು. ಪಾಳಿಯಲ್ಲಿ ಮೂವರಿದ್ದಾರೆ, ಆದರೂ ಒಂದು ಘಳಿಗೆ ಬಂದು ಹೋಗಬಾರದೇ ಎಂದರು. ಇವತ್ತು ಗುರುವಾರ, ನನ್ನ ರಜೆ, ತೆಲುಗಿನ ಚಾಲುವಿನ ದಿನ. ಅವರಿಗೂ ಚಾಲು ಎಂದೆ. ಎದುರಿನ ಹೋಟೆಲಿನಲ್ಲಿ ಕಾಲು ಚಾಚಿ ಕುಳಿತು ಚಹಾ ತರಿಸಿದೆ. ಕನ್ನಡದ ಚಾಲೂ ನಾಳೆ ಬೆಳಿಗ್ಗೆ ಆರಕ್ಕೆ.